ಸಹಾಯ ಬೇಕು: ಮಕ್ಕಳ ನಡವಳಿಕೆ ತಿದ್ದಲು ಪೋಷಕರನ್ನು ಜೊತೆಗೂಡಿಸಿಕೊಳ್ಳುವುದು ಹೇಗೆ?

ಗುಂಪಿನ ಶಿಕ್ಷಕ ಬಂಧುಗಳಿಗೂ ಪೋಷಕರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಪಾಠದ ವೇಳೆ ಅಷ್ಟೇನೂ ತೊಂದರೆಯಿಲ್ಲ. ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲಾಗಿ ನಿಲ್ಲುವಾಗ ತಳ್ಳಾಟ ಶುರುವಾಗಿ, ದೊಡ್ಡವರೂ ಆಡಲು ಅಂಜುವಂಥ ಬೈಗುಳಗಳು ಕೇಳಿಬರುತ್ತವೆ. ಪುಟ್ಟ ಮಕ್ಕಳು ಬಿಸಿ ಸಾಂಬಾರಿನ ಪಾತ್ರೆಯ ಮೇಲೆ ಬಿದ್ದಾರೆಂಬ ಭಯ ಬೇರೆ.

ಸಭೆ ಕರೆದರೆ, ರೇಷ್ಮೆ ನೂಲು ತೆಗೆಯುವ ಘಟಕಗಳಿಗೆ ನಸುಕಿನಲ್ಲೇ ಹೊರಡುವ ತಂದೆತಾಯಿಯರು ದಿನದ ಕೂಲಿ ಬಿಟ್ಟು ಬರಲಾರರು. ಅದನ್ನು ತಪ್ಪೆನ್ನಲೂ ಆಗದು. ಬಂದ ಕೆಲವರು "ನಾಲ್ಕು ಬಾರಿಸಿ ಮೇಡಂ, ನಾವೇನೂ ಕೇಳೋದಿಲ್ಲ" ಎಂದು ಹೊರಟುಬಿಡುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ಒಂದು ಕಡೆಗಿರಲಿ, ಮನೆಯಲ್ಲಿ ಪೆಟ್ಟು ತಿಂದ ಮಗು ಶಾಲೆಗೆ ಬಂದು ತನಗಿಂತ ಚಿಕ್ಕವರ ಮೇಲೆ ಅದನ್ನು ತೀರಿಸಿಕೊಳ್ಳುವುದನ್ನು ನಾವು ನೋಡುತ್ತಲೇ ಇದ್ದೇವೆ.

ಎಸ್‌ಡಿಎಂಸಿಯಲ್ಲಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕರೇ ಹೆಚ್ಚಾಗಿದ್ದರೂ ಚರ್ಚೆ ಕಾಂಪೌಂಡು, ಶೌಚಾಲಯದ ದುರಸ್ತಿಯಲ್ಲೇ ಮುಗಿಯುತ್ತದೆ. ಆದ್ದರಿಂದ ಸಂಜೆ ನಾವೇ ಕೇರಿಗೆ ಹೋಗಿ ಕುಳಿತು, ಬೈಗುಳ ಆಡಬಾರದು, ಕೈ ಎತ್ತಬಾರದು ಎಂಬಂಥ ಒಂದೆರಡು ನಿಯಮಗಳನ್ನು ಮನೆಯಲ್ಲೂ ಶಾಲೆಯಲ್ಲೂ ಒಂದೇ ರೀತಿ ಪಾಲಿಸುವಂತೆ ಪೋಷಕರೊಂದಿಗೆ ಒಪ್ಪಿಕೊಳ್ಳಬೇಕೆಂದಿದ್ದೇನೆ. ಹೀಗೆ ಮಾಡಿ ನೋಡಿದವರು ದಯವಿಟ್ಟು ತಿಳಿಸಿ: ಓದಲು ಬಾರದ ಪೋಷಕರಿಗೆ ಮಗುವಿನ ವರದಿಯನ್ನು ವಾಟ್ಸ್ಆ್ಯಪ್ ಧ್ವನಿ ಸಂದೇಶದಲ್ಲಿ ಕಳಿಸಿದರೆ ಕೇಳುತ್ತಾರೆಯೇ? ದೂರಿನ ಜೊತೆಗೆ ಮಗುವಿನ ಒಳ್ಳೆಯ ನಡತೆಯನ್ನೂ ಹೇಳಲು ಆರಂಭಿಸಿದ ಮೇಲೆ, ಶಾಲೆಯಿಂದ ಕರೆ ಬಂದರೆ ಸಾಕು ಮಗುವನ್ನು ಹೊಡೆಯುವ ಅಭ್ಯಾಸ ಕಡಿಮೆಯಾಯಿತೇ?