ಸಾವಯವ ಕೈತೋಟ: ಮೊದಲ ಸಲ ಸೋತಿದ್ದೇನೆ, ಮತ್ತೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ರಾಸಾಯನಿಕ ಹಾಕದೆ ಬಾಲ್ಕನಿಯಲ್ಲಿ ತರಕಾರಿ ಬೆಳೆಯಬೇಕು ಅಂತ ಬಹಳ ದಿನದ ಆಸೆ. ಹತ್ತು ಬಗೆಯ ಬೀಜ ತಂದು ಒಂದೇ ದಿನ ಹಾಕಿದೆ. ಅರ್ಧ ಬೀಜ ಮೊಳೆಯಲೇ ಇಲ್ಲ. ಮೊಳೆತ ಟೊಮೆಟೊ ಸಸಿಗಳು ಉದ್ದಕ್ಕೆ ಎದ್ದು ಬಾಗಿ ಬಿದ್ದವು. ದಿನಾ ಎರಡು ಹೊತ್ತು ನೀರು ಹಾಕುತ್ತಿದ್ದೆ. ಎಲ್ಲಿ ತಪ್ಪಾಯಿತು? ನಿಮ್ಮ ಅನುಭವ ಹೇಳಿ.

ಉತ್ತರ:
ಬಿದ್ದ ಸಸಿಯನ್ನು ಕಿತ್ತು ಬುಡ ನೋಡಿ. ಮಣ್ಣಿಗೆ ತಾಗುವ ಜಾಗ ಕಂದಾಗಿ, ದಾರದ ಹಾಗೆ ಸಣ್ಣಗಾಗಿದ್ದರೆ ಅದು ಕೊಳೆ ರೋಗ. ಮಣ್ಣು ಸದಾ ಒದ್ದೆ ಇದ್ದರೆ ಶಿಲೀಂಧ್ರ ಬಂದು ಎಳೆ ಸಸಿಯ ಬುಡ ಕೊಳೆಸುತ್ತದೆ. ಬುಡ ಚೆನ್ನಾಗಿದ್ದೂ ಸಸಿ ನೀಳವಾಗಿ ಬಾಗಿದ್ದರೆ ಬಿಸಿಲು ಸಾಲಲಿಲ್ಲ, ಬೆಳಕು ಹುಡುಕಿಕೊಂಡು ಎದ್ದಿದೆ ಅಂತ ಅರ್ಥ. ಟೊಮೆಟೊ, ಮೆಣಸಿನಕಾಯಿ, ಬದನೆಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಒಂದು ರಜೆಯ ದಿನ ಮನೆಯಲ್ಲೇ ಇದ್ದು, ಬಾಲ್ಕನಿಗೆ ಬಿಸಿಲು ಯಾವಾಗ ಬಂತು, ಯಾವಾಗ ಹೋಯಿತು ಅಂತ ಬರೆದಿಡಿ. 3–4 ಗಂಟೆ ಮಾತ್ರ ಬರುತ್ತದೆಯಾ? ಸೊಪ್ಪು ಬೆಳೆಯಿರಿ, ಅದಕ್ಕೆ ಅಷ್ಟು ಸಾಕು.

ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಒಳಗೆ ತೇವ ಇದ್ದರೆ ಅವತ್ತು ನೀರು ಬೇಡ. ಒಣಗಿದ್ದರೆ ಕುಂಡದ ತಳದ ತೂತಿನಿಂದ ಜಿನುಗುವವರೆಗೆ ಹಾಕಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಮೇಲಿನ ಮಣ್ಣು ಮಾತ್ರ ನೆನೆಯುತ್ತದೆ, ಬೇರು ಆಳಕ್ಕೆ ಇಳಿಯುವುದಿಲ್ಲ.

ಇನ್ನು ಮಣ್ಣು. ನಾನು ಮೊದಲ ವರ್ಷ ಕುಂಡಕ್ಕೆ ಬರೀ ಮಣ್ಣು ತುಂಬಿದ್ದೆ. ಎರಡೇ ತಿಂಗಳಲ್ಲಿ ಇಟ್ಟಿಗೆಯ ಹಾಗೆ ಗಟ್ಟಿಯಾಯಿತು. ಹಾಕಿದ ನೀರೆಲ್ಲ ಕುಂಡದ ಅಂಚಿನಲ್ಲೇ ಜಾರಿ ಹೋಗುತ್ತಿತ್ತು. ಈಗ ಮಣ್ಣು, ಚೆನ್ನಾಗಿ ಕಳಿತ ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಮೂರನ್ನೂ ಸಮಪಾಲು ಬೆರೆಸುತ್ತೇನೆ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದು. ಎರಡು ಮೂರು ಸಲ ನೀರಲ್ಲಿ ನೆನೆಸಿ, ಹಿಂಡಿ ಬಳಸಿ.

ಮತ್ತೆ, ಹತ್ತು ಬಗೆ ಬೇಡ. ಮೆಂತ್ಯ, ಹರಿವೆ, ಮೂಲಂಗಿ ಮೂರೇ ಹಾಕಿ. ಮೆಂತ್ಯ ವಾರದೊಳಗೆ ಮೊಳೆತು ಸುಮಾರು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ನಾನು ಬೆಳೆದ ಮೊದಲ ಹಿಡಿ ಸೊಪ್ಪು ಕೈಗೆ ಬಂದ ದಿನ ಆದ ಖುಷಿ ಇವತ್ತಿಗೂ ನೆನಪಿದೆ. ಬೀಜವನ್ನು ಅದರ ದಪ್ಪದ ಎರಡು ಪಟ್ಟು ಆಳಕ್ಕೆ ಹಾಕಿ, ಅದಕ್ಕಿಂತ ಜಾಸ್ತಿ ಬೇಡ. ಹರಿವೆಯಂಥ ಸಣ್ಣ ಬೀಜವಾದರೆ ಮೇಲೆ ಚೆಲ್ಲಿ ತೆಳ್ಳಗೆ ಮಣ್ಣು ಉದುರಿಸಿದರೆ ಆಯಿತು. ನಿಮ್ಮ ಅರ್ಧ ಬೀಜ ಮೊಳೆಯದೆ ಇರುವುದಕ್ಕೆ ಆಳವೂ ಕಾರಣ ಇರಬಹುದು.

ಇನ್ನೊಬ್ಬರ ಉತ್ತರ:
ಮೇಲೆ "ಚೆನ್ನಾಗಿ ಕಳಿತ" ಅಂದಿದ್ದಾರಲ್ಲ, ಆ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ನಾನು ಅವಸರಪಟ್ಟು ಅರ್ಧ ಕೊಳೆತ ತರಕಾರಿ ಸಿಪ್ಪೆಯನ್ನೇ ಕುಂಡಕ್ಕೆ ಹಾಕಿದ್ದೆ. ಸಸಿಗಳೆಲ್ಲ ಹಳದಿಯಾದವು. ಕೊಳೆಯುವ ಕೆಲಸ ಮುಗಿಯುವವರೆಗೆ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕ ಬಳಸಿಕೊಳ್ಳುತ್ತವೆ, ಗಿಡಕ್ಕೆ ಸಿಗುವುದಿಲ್ಲ. ಕಳಿತ ಗೊಬ್ಬರ ಕಪ್ಪಗಿರುತ್ತದೆ, ಮುಟ್ಟಿದರೆ ಬಿಸಿ ಇರುವುದಿಲ್ಲ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಸಂಶಯ ಇದ್ದರೆ ಒಂದು ಹಿಡಿ ತೇವದ ಗೊಬ್ಬರವನ್ನು ಕವರಿನಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಕೆಟ್ಟ ವಾಸನೆ ಬಂದರೆ ಇನ್ನೂ ಕಾಯಿರಿ. ಮನೆಯಲ್ಲೇ ಮಾಡುವುದಾದರೆ ಹಸಿ ಸಿಪ್ಪೆ ಒಂದು ಪಾಲಿಗೆ ಒಣ ಎಲೆ ಎರಡು ಮೂರು ಪಾಲು. ಒಣ ಎಲೆ ಕಡಿಮೆಯಾದರೆ ನಾರುತ್ತದೆ.

ಪ್ರಶ್ನೆ ಕೇಳಿದವರು:
ಬುಡ ನೋಡಿದೆ, ಕಂದಾಗಿದೆ. ಅಂದರೆ ನೀರೇ ಜಾಸ್ತಿಯಾಗಿದ್ದು, ಅಲ್ವಾ? ಒಂದು ಸೌತೆ ಬಳ್ಳಿ ಮಾತ್ರ ಉಳಿದಿದೆ. ಹೂ ಬಿಡುತ್ತದೆ, ಎಲ್ಲ ಉದುರಿ ಹೋಗುತ್ತದೆ. ಎಲೆಯಡಿ ಹಸಿರು ಬಣ್ಣದ ಪುಟ್ಟ ಹುಳಗಳು ಗುಂಪು ಗುಂಪಾಗಿವೆ.

ಮತ್ತೊಂದು ಉತ್ತರ:
ಹೌದು, ನೀರೇ. ಸೌತೆಯಲ್ಲಿ ಮೊದಲು ಬರುವುದು ಹೆಚ್ಚಾಗಿ ಗಂಡು ಹೂವುಗಳು. ಅವು ಉದುರುವುದು ಸಹಜ, ಗಾಬರಿ ಬೇಡ. ಹೂವಿನ ಹಿಂದೆ ಪುಟ್ಟ ಮಿಡಿ ಇದ್ದರೆ ಅದು ಹೆಣ್ಣು. ಮೇಲಿನ ಮಹಡಿಗೆ ಜೇನುನೊಣ ಬರದಿದ್ದರೆ ಬೆಳಗ್ಗೆಯೇ ಗಂಡು ಹೂ ಕಿತ್ತು, ದಳ ತೆಗೆದು, ಪರಾಗವನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿ. ಮುಂದೆ ಸೋರೆ, ಹೀರೆ ಹಾಕಿದರೆ ಇದೇ ಕೆಲಸ ಸಂಜೆ ಮಾಡಿ, ಅವುಗಳ ಹೂ ಅರಳುವುದೇ ಆಗ.

ಆ ಹುಳ ಸಸ್ಯಹೇನು. ಮೊದಲು ಎಲೆಯಡಿಗೆ ನೀರನ್ನು ಜೋರಾಗಿ ಬಿಟ್ಟು ತೊಳೆಯಿರಿ. ಎರಡು ಮೂರು ದಿನ ಹೀಗೆ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಬಗ್ಗದಿದ್ದರೆ 1 ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎಣ್ಣೆ ನೀರಲ್ಲಿ ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ. ಮೊದಲು ಒಂದೇ ಎಲೆಗೆ ಹಾಕಿ ಮರುದಿನ ನೋಡಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ, ಸಂಜೆಯೇ ಸರಿ. ಅರಳಿದ ಹೂವಿಗೆ ತಾಗಿಸಬೇಡಿ.

ಸಿಂಪಡಿಸುವ ಮೊದಲು ಎಲೆಯನ್ನು ಮಗುಚಿ ನೋಡಿ. ಸಸ್ಯಹೇನಿನ ನಡುವೆ ಕಪ್ಪು ಮೈಗೆ ಕಿತ್ತಳೆ ಚುಕ್ಕೆಯ ಉದ್ದನೆಯ ಮರಿಹುಳ ಓಡಾಡುತ್ತಿದ್ದರೆ ಅದು ಗುಲಗಂಜಿ ಹುಳದ ಮರಿ. ನೋಡಲು ಭಯವಾಗುತ್ತದೆ, ಆದರೆ ಅದು ತಿನ್ನುವುದು ಆ ಹೇನುಗಳನ್ನೇ. ಅದನ್ನು ಕಂಡರೆ ಎಣ್ಣೆಯ ಬಾಟಲಿ ಕೆಳಗಿಟ್ಟು ಒಂದು ವಾರ ಸುಮ್ನೆ ಬಿಡಿ.