ಬೈ-ಟು ಕಾಫಿ, ಬೈ-ವೀಕ್ಲಿ ನೀರು

ದರ್ಶಿನಿ ಮುಂದಿನ ಕಲ್ಲುಬೆಂಚು. ಕೂತವರು ನಾಲ್ವರು: ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಮೆಡಿಕಲ್ ಸ್ಟೋರಿನ ಗುರಣ್ಣ, ಅಮೆರಿಕದಿಂದ ರಜೆಗೆ ಬಂದಿರೋ ಚೇತು, ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಪುಟ್ಟರಾಜು. ಕಾಫಿ ಎರಡು, ಲೋಟ ನಾಲ್ಕು. ಪುಟ್ಟರಾಜು ಕೈಯಲ್ಲಿ ನೋಟಿಸಿನ ಕರಡು.

ಪುಟ್ಟರಾಜು: ಕೇಳಿ ಮೇಷ್ಟ್ರೇ. ‘ಟ್ಯಾಂಕರ್ ವಾಟರ್ ವಿಲ್ ಬಿ ಸಪ್ಲೈಡ್ ಬೈ-ವೀಕ್ಲಿ.’ ಹೆಂಗಿದೆ?

ಮೇಷ್ಟ್ರು: ಭೇಷಾಗಿದೆ. ನೀರು ಎಷ್ಟು ದಿನಕ್ಕೊಂದ್ಸಲ ಬರುತ್ತೆ ಅನ್ನೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ಗೊತ್ತಾಗುತ್ತೆ.

ಪುಟ್ಟರಾಜು: ವಾರಕ್ಕೆರಡು ಸಲ ಅಲ್ವಾ! ರೈಲ್ವೆಯವರ ಬೈ-ವೀಕ್ಲಿ ಎಕ್ಸ್‌ಪ್ರೆಸ್ ವಾರಕ್ಕೆರಡು ದಿನ ತಾನೇ ಓಡೋದು?

ಚೇತು: ಅಮೆರಿಕದಲ್ಲಿ ಬೈ-ವೀಕ್ಲಿ ಸಂಬಳ ಅಂದ್ರೆ ಎರಡು ವಾರಕ್ಕೊಂದ್ಸಲ ಕಣೋ. ವರ್ಷಕ್ಕೆ 26 ಕಂತು. ಸೆಮಿ-ಮಂತ್ಲಿ ಅಂದ್ರೆ ತಿಂಗಳಿಗೆರಡು, ವರ್ಷಕ್ಕೆ 24.

ಗುರಣ್ಣ: ಅಂದ್ರೆ ಎರಡು ಸಂಬಳ ಜಾಸ್ತಿ?

ಚೇತು: ಅಯ್ಯೋ ಇಲ್ಲ ಗುರಣ್ಣ. ಹೋಳಿಗೆ ಒಂದೇ, ತುಂಡು ಹೆಚ್ಚು. ಹತ್ತು ತಿಂಗಳು ಎರಡೆರಡು ಕಂತು, ಉಳಿದ ಎರಡು ತಿಂಗಳು ಮೂರು ಮೂರು. ತಿಂಗಳ ಖರ್ಚನ್ನ ಎರಡು ಕಂತಿನ ಲೆಕ್ಕದಲ್ಲೇ ಹಾಕಿಕೊಂಡವರಿಗೆ ಆ ಮೂರನೇದು ಬೋನಸ್ ಥರ ಕಾಣುತ್ತೆ ಅಷ್ಟೇ.

ಮೇಷ್ಟ್ರು: ನೋಡಿ, ಬೈ-ಟು ಕಾಫಿ ಅಂದ್ರೆ ಒಂದನ್ನ ಎರಡು ಮಾಡೋದು. ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಬೈ-ವೀಕ್ಲಿ ಅಂದ್ರೆ ವಾರವನ್ನ ಎರಡು ಮಾಡೋದೋ, ಎರಡು ವಾರ ಸೇರಿಸೋದೋ? ನಿಘಂಟು ತೆಗೆದ್ರೆ ಎರಡೂ ಅರ್ಥ ಕೊಟ್ಟು ಕೈ ತೊಳ್ಕೊಳ್ಳುತ್ತೆ. ಬೈ-ಮಂತ್ಲಿದೂ ಇದೇ ಹಣೆಬರಹ. ವರ್ಷದ ವಿಷಯದಲ್ಲಿ ಮಾತ್ರ ಸ್ವಲ್ಪ ಮರ್ಯಾದೆ ಉಳಿದಿದೆ: ಬೈ-ಆನ್ಯುಯಲ್ ಅಂದ್ರೆ ವರ್ಷಕ್ಕೆರಡು ಸಲ, ಬೈ-ಎನಿಯಲ್ ಅಂದ್ರೆ ಎರಡು ವರ್ಷಕ್ಕೊಂದ್ಸಲ. ಅದನ್ನೂ ಜನ ಕಲಸುಮೇಲೋಗರ ಮಾಡ್ತಾರೆ.

ಪುಟ್ಟರಾಜು: ಫೋರ್ಟ್‌ನೈಟ್ಲಿ?

ಮೇಷ್ಟ್ರು: ಅದು ಚೊಕ್ಕ. ಫೋರ್ಟೀನ್ ನೈಟ್ಸ್ ಸವೆದು ಫೋರ್ಟ್‌ನೈಟ್ ಆಯ್ತು, ಹದಿನಾಲ್ಕು ರಾತ್ರಿ. ಆದ್ರೆ ಅಮೆರಿಕದವರ ಬಾಯಲ್ಲಿ ಆ ಮಾತಿಲ್ಲ. ಅಲ್ಲಿಗೆ ಕಾಗದ ಬರೆಯೋದಾದ್ರೆ ‘ಎವ್ರಿ ಟೂ ವೀಕ್ಸ್’.

ಪುಟ್ಟರಾಜು: ಬೇಡ ಬಿಡಿ. ‘ವೀಕ್ಲಿ ಟ್ವೈಸ್’ ಅಂತ ಹಾಕ್ತೀನಿ.

ಮೇಷ್ಟ್ರು: ಪಂಚೆ ಮೇಲೆ ಟೈ ಕಟ್ಟಿದ ಹಾಗೆ! ‘ವಾರಕ್ಕೆ ಎರಡು ಸಲ’ ಅನ್ನುವಾಗ ನಮ್ಮಲ್ಲಿ ಕಾಲ ಮುಂದೆ, ಲೆಕ್ಕ ಹಿಂದೆ. ಇಂಗ್ಲಿಷಲ್ಲಿ ತಿರುಗುಮುರುಗು, ಮೊದಲು ಎಷ್ಟು ಸಲ, ಆಮೇಲೆ ಎಷ್ಟರೊಳಗೆ: ಟ್ವೈಸ್ ಎ ವೀಕ್. ನಮ್ಮ ‘ಕ್ಕೆ’ ಮಾಡೋ ಕೆಲಸವನ್ನ ಅಲ್ಲಿ ‘ಎ’ ಮಾಡುತ್ತೆ. ಹಳೇ ಇಂಗ್ಲಿಷಲ್ಲಿ ಅದು ‘ಆನ್’ ಆಗಿತ್ತು, ಹೇಳ್ತಾ ಹೇಳ್ತಾ ಸವೆದು ‘ಎ’ ಆಯ್ತು. ಒಳಗೇ ಒಂದು ವಿಭಕ್ತಿ ಕೂತಿರುವಾಗ ಮೇಲೊಂದು ‘ಇನ್’ ಯಾಕೆ ತುರುಕಬೇಕು?

ಚೇತು: ‘ಟ್ವೈಸ್ ಇನ್ ಎ ವೀಕ್’ ತಪ್ಪಾ ಸಾರ್?

ಮೇಷ್ಟ್ರು: ತಪ್ಪಲ್ಲ, ಅರ್ಥ ಬೇರೆ. ಅದು ಯಾವುದೋ ಒಂದೇ ವಾರದ ಸಮಾಚಾರ. ‘ಲಿಫ್ಟು ಟ್ವೈಸ್ ಇನ್ ಎ ವೀಕ್ ಕೆಟ್ಟು ನಿಂತಿತು’ ಅಂದ್ರೆ ದೂರು. ‘ಟ್ವೈಸ್ ಎ ವೀಕ್ ಕೆಡುತ್ತೆ’ ಅಂದ್ರೆ ಅದು ಲಿಫ್ಟಿನ ಸ್ವಭಾವ.

ಪುಟ್ಟರಾಜು: ನಮ್ಮದು ಎರಡನೇದು.

ಮೇಷ್ಟ್ರು: ಗೊತ್ತು, ನಾನು ಮೆಟ್ಟಿಲು ಹತ್ತೋನು. ಹಾಂ, ‘ಎವ್ರಿ’ದೂ ಒಂದು ತಕರಾರಿದೆ. ಎವ್ರಿ ಡೇ ಅಂದ್ರೆ ಏಕವಚನ. ನಡುವೆ ಸಂಖ್ಯೆ ಬಂದ್ರೆ ಬಹುವಚನ, ಎವ್ರಿ ತ್ರೀ ಡೇಸ್. ಸಂಖ್ಯೆಗೆ ‘ನೇ’ ಸೇರಿದ್ರೆ ತಿರುಗಾ ಏಕವಚನ, ಎವ್ರಿ ಥರ್ಡ್ ಡೇ. ಅರ್ಥ ಎರಡಕ್ಕೂ ಒಂದೇ: ಸೋಮವಾರ, ಗುರುವಾರ, ಭಾನುವಾರ, ಬುಧವಾರ.

ಗುರಣ್ಣ: ಅಲ್ಲೇ ಗಿರಾಕಿಗಳು ಜಾರೋದು ಮೇಷ್ಟ್ರೇ! ಎವ್ರಿ ತ್ರೀ ಡೇಸ್ ಅಂತ ಚೀಟಿ ಇದ್ರೆ ‘ಮೂರು ದಿನ ಬಿಟ್ಟು’ ಅಂದ್ಕೋತಾರೆ. ಸೋಮವಾರ ಆದ್ಮೇಲೆ ಮಂಗಳ, ಬುಧ, ಗುರು ಬಿಟ್ಟು ಶುಕ್ರವಾರ ತಗೊಂಡ್ರೆ ನಾಲ್ಕು ದಿನಕ್ಕೊಂದು ಆಯ್ತು. ‘ಬಿಟ್ಟು’ ಅನ್ನೋ ಮಾತು ಬಂದ್ರೆ ಒಂದು ಕಳೀಬೇಕು: ಎರಡು ದಿನ ಬಿಟ್ಟು ಅಂದ್ರೇನೇ ಎವ್ರಿ ತ್ರೀ ಡೇಸ್, ದಿನ ಬಿಟ್ಟು ದಿನ ಅಂದ್ರೆ ಎವ್ರಿ ಅದರ್ ಡೇ.

ಪುಟ್ಟರಾಜು: ದಿನ ಬಿಟ್ಟು ದಿನ ಅಂದ್ರೂ ವಾರಕ್ಕೆ ಮೂರು ಸಲ ಅಂದ್ರೂ ಒಂದೇ ತಾನೇ?

ಚೇತು: ಟ್ಯಾಂಕರ್ ಬಿಲ್ಲಲ್ಲಿ ಗೊತ್ತಾಗುತ್ತೆ ಒಂದೇನಾ ಅಂತ! ವಾರಕ್ಕೆ ಮೂರು ಅಂದ್ರೆ ಸೋಮ, ಬುಧ, ಶುಕ್ರ, ಮತ್ತೆ ಸೋಮ. ನಡುವೆ ಎರಡು ದಿನ ಕಂದಕ. ದಿನ ಬಿಟ್ಟು ದಿನ ಅಂದ್ರೆ ಶುಕ್ರವಾರ ಆದ್ಮೇಲೆ ಭಾನುವಾರ, ಆಮೇಲೆ ಮಂಗಳವಾರ. ಹದಿನಾಲ್ಕು ದಿನಕ್ಕೆ ಅದು ಆರು, ಇದು ಏಳು. ವರ್ಷಕ್ಕೆ 156 ಟ್ಯಾಂಕರ್ ಎಲ್ಲಿ, 182 ಎಲ್ಲಿ?

ಪುಟ್ಟರಾಜು: (ಕರಡಿನ ಅಂಚಲ್ಲಿ ಕಳೆದು) ಇಪ್ಪತ್ತಾರು ಟ್ಯಾಂಕರ್! ಒಂದು ಮಾತಿಗೆ!

ಚೇತು: ಮೊಬೈಲ್ ರೀಚಾರ್ಜಲ್ಲಿ ನಡೆದಿದ್ದೂ ಇದೇ. 28 ದಿನದ ಪ್ಯಾಕನ್ನ ಜನ ಬಾಯಲ್ಲಿ ‘ಮಂತ್ಲಿ’ ಅಂದರು. 365ನ್ನ 28ರಿಂದ ಭಾಗಿಸಿದ್ರೆ 13. ಹನ್ನೆರಡು ತಿಂಗಳಿಗೆ ಹದಿಮೂರು ರೀಚಾರ್ಜ್. 2022ರಲ್ಲಿ ಟೆಲಿಕಾಂ ಕಂಪನಿಗಳ ನಿಯಂತ್ರಕ ಸಂಸ್ಥೆ ಟ್ರಾಯ್ ಮಧ್ಯೆ ಬಂದು, 30 ದಿನದ್ದು ಒಂದು, ಪ್ರತಿ ತಿಂಗಳೂ ಅದೇ ತಾರೀಖಿಗೆ ನವೀಕರಿಸೋದು ಒಂದು, ಕನಿಷ್ಠ ಇಷ್ಟಾದ್ರೂ ಇಡಿ ಅಂತ ಕಂಪನಿಗಳಿಗೆ ಹೇಳಬೇಕಾಯ್ತು. ಎವ್ರಿ ಫೋರ್ ವೀಕ್ಸ್ ಬೇರೆ, ವನ್ಸ್ ಎ ಮಂತ್ ಬೇರೆ.

ಗುರಣ್ಣ: ನೀವು ದುಡ್ಡಿನ ಲೆಕ್ಕ ಹೇಳ್ತಿದೀರ, ನಮ್ಮದು ಜೀವದ್ದು. ಚೀಟೀಲಿ ಟಿಡಿಎಸ್ ಅಂತ ಇರುತ್ತೆ.

ಪುಟ್ಟರಾಜು: ಔಷಧಿಗೂ ಸಂಬಳದಲ್ಲೇ ಹಿಡೀತಾರಾ?

ಚೇತು: ಟ್ಯಾಂಕರ್ ನೀರಿಗೂ ಟಿಡಿಎಸ್ ನೋಡ್ತಾರಲ್ಲ!

ಗುರಣ್ಣ: ಸಂಬಳದ ತೆರಿಗೆ ಕಡಿತವೂ ಅಲ್ಲ, ನೀರಲ್ಲಿ ಕರಗಿರೋ ಲವಣದ ಲೆಕ್ಕವೂ ಅಲ್ಲ ಮಾರಾಯ. ಲ್ಯಾಟಿನ್ನಲ್ಲಿ ‘ಟೆರ್ ಡೀ ಸುಮೆಂಡಮ್’, ದಿನಕ್ಕೆ ಮೂರು ಸಲ ತಗೋಬೇಕು ಅಂತ. ಬಿಡಿ ಅಂದ್ರೆ ‘ಬಿಸ್ ಇನ್ ಡೀ’, ಎರಡು ಸಲ.

ಪುಟ್ಟರಾಜು: ನಾನು ಬಿಡಿ ಅಂದ್ರೆ ಮಾತ್ರೆ ಬಿಟ್ಟುಬಿಡಿ ಅಂತ ತಿಳ್ಕೊಂಡಿದ್ದೆ.

ಗುರಣ್ಣ: ತಿಳ್ಕೋತೀಯ ನೀನು. ಅದಕ್ಕೇ ನಮ್ಮಲ್ಲಿ 1-0-1 ಅಂತ ಬರೆಯೋದು: ಬೆಳಗ್ಗೆ ಒಂದು, ಮಧ್ಯಾಹ್ನ ಸೊನ್ನೆ, ರಾತ್ರಿ ಒಂದು. ಯಾವ ಭಾಷೆಯವನಿಗೂ ಅರ್ಥ ಆಗುತ್ತೆ. ಎಸ್‌ಒಎಸ್ ಅಂತಿದ್ರೆ ಹಡಗು ಮುಳುಗೋದಲ್ಲ, ‘ಸಿ ಓಪಸ್ ಸಿಟ್’, ಬೇಕಾದ್ರೆ ಮಾತ್ರ. ಇನ್ನು ‘ದಿನಕ್ಕೆ ಮೂರು ಸಲ’ ಅಂದ್ರೆ ಊಟದ ಹೊತ್ತಿಗೆ ಹೊಂದಿಸ್ಕೋತಾರೆ, ಎಂಟು, ಒಂದು, ಒಂಬತ್ತು. ‘ಎವ್ರಿ ಏಯ್ಟ್ ಅವರ್ಸ್’ ಅಂತ ಬರೆದಿದ್ರೆ ಹಾಗಲ್ಲ. ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ರಕ್ತದಲ್ಲಿ ಔಷಧಿ ಮಟ್ಟ ಇಳೀಬಾರದು ಅಂತ ಗಡಿಯಾರ ಹಿಡಿದು ಬರೆದಿರ್ತಾರೆ.

ಮೇಷ್ಟ್ರು: ಅಮೆರಿಕದಲ್ಲಿ ಕ್ಯೂಡಿ, ಕ್ಯೂಒಡಿ ಅಂತ ಬರೀಬೇಡಿ ಅಂದರಂತಲ್ಲ?

ಗುರಣ್ಣ: ಹೂಂ. ಕ್ಯೂಡಿ ದಿನಾ ಒಂದ್ಸಲ, ಕ್ಯೂಒಡಿ ದಿನ ಬಿಟ್ಟು ದಿನ. ಅವಸರದ ಕೈಬರಹದಲ್ಲಿ ನಡುವಿನ ಆ ಸೊನ್ನೆಯಂಥ ಅಕ್ಷರ ಚುಕ್ಕಿ ಆದ್ರೆ ಮಾತ್ರೆ ಎರಡರಷ್ಟು. ಅಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಜಾಯಿಂಟ್ ಕಮಿಷನ್ 2004ರಲ್ಲಿ ಎರಡನ್ನೂ ಬಳಸಬಾರದ ಪಟ್ಟಿಗೆ ಹಾಕಿತು. ಅದಕ್ಕಿಂತ ಭಯ ಮೆಥೊಟ್ರೆಕ್ಸೇಟ್‌ದು. ಕೀಲುವಾತಕ್ಕೆ ಅದನ್ನ ಕೊಡೋದು ವಾರಕ್ಕೊಂದ್ಸಲ. ದಿನಾ ಅಂತ ತಿಳಿದು ನುಂಗಿ ಬೇರೆ ಬೇರೆ ದೇಶಗಳಲ್ಲಿ ಜನ ಸತ್ತಿದ್ದಾರೆ. ‘ವೀಕ್ಲಿ’ ಅಂತ ಬರೆದಿದ್ರೂ ಸಾಲದು, ಯಾವ ವಾರ ಅಂತ ಹೆಸರು ಬರೀಬೇಕು. ಡಬ್ಬಿ ಮೇಲೆ ‘ಸೋಮವಾರ ಮಾತ್ರ’ ಅಂತ ಇದ್ರೆ ಮಂಗಳವಾರ ಕೈ ತಡೆಯುತ್ತೆ.

(ಒಂದು ಗುಟುಕಿನಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಬೈ-ಟು ಆದ್ದರಿಂದ ಅದೇ ಕೊನೇ ಗುಟುಕು.)

ಪುಟ್ಟರಾಜು: ಹಂಗಾದ್ರೆ ನೀರಿಗೂ ಅದೇ. ‘ಆನ್ ಟ್ಯೂಸ್‌ಡೇಸ್ ಅಂಡ್ ಫ್ರೈಡೇಸ್.’ ಮುಗೀತು. ಇನ್ನೊಂದು ಸಾಲಿದೆ, ಲಿಫ್ಟ್ ಕಂಪನಿಗೆ: ‘ಲಿಫ್ಟ್ ಈಸ್ ಬ್ರೇಕಿಂಗ್ ಡೌನ್ ಫೈವ್ ಟೈಮ್ಸ್ ಫ್ರಮ್ ಲಾಸ್ಟ್ ಟೂ ಮಂತ್ಸ್.’

ಮೇಷ್ಟ್ರು: ‘ಎರಡು ತಿಂಗಳಿಂದ’ ಅನ್ನೋದರ ‘ಇಂದ’ನ ಹಿಡಿದು ‘ಫ್ರಮ್’ ಮಾಡಿದೀಯ. ಇಲ್ಲಿವರೆಗಿನ ಎರಡು ತಿಂಗಳಲ್ಲಿ ಎಷ್ಟು ಸಲ ಅಂತ ಎಣಿಸೋದಾದ್ರೆ ‘ಹ್ಯಾಸ್ ಬ್ರೋಕನ್ ಡೌನ್ ಫೈವ್ ಟೈಮ್ಸ್ ಇನ್ ದ ಲಾಸ್ಟ್ ಟೂ ಮಂತ್ಸ್’. ‘ಇನ್’ ಬದಲು ‘ಓವರ್’ ಅಂದ್ರೂ ನಡೆಯುತ್ತೆ. ಆ ‘ದ’ ನುಂಗಬೇಡ. ಬರೀ ‘ಲಾಸ್ಟ್ ಮಂತ್’ ಅಂದ್ರೆ ಮಾತ್ರ ‘ದ’ ಬೇಡ, ‘ಹ್ಯಾಸ್’ ಕೂಡ ಬೇಡ. ಆ ತಿಂಗಳು ಮುಗಿದುಹೋಗಿದೆ. ‘ಇಟ್ ಬ್ರೋಕ್ ಡೌನ್ ಫೈವ್ ಟೈಮ್ಸ್ ಲಾಸ್ಟ್ ಮಂತ್.’

ಚೇತು: ಅದಿರಲಿ, ಪುಟ್ಟರಾಜು ಕಾಫಿ ದುಡ್ಡು ಕೊಡೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?

ಗುರಣ್ಣ: ಅಮಾಸೆಗೊಂದ್ಸಲ, ಹುಣ್ಣಿಮೆಗೊಂದ್ಸಲ!

ಪುಟ್ಟರಾಜು: ತಡೀರಿ, ಎಣಿಸಿ. ತಿಂಗಳಿಗೆ ಒಂದು ಅಮಾವಾಸ್ಯೆ, ಒಂದು ಹುಣ್ಣಿಮೆ. ವರ್ಷಕ್ಕೆ ಕನಿಷ್ಠ 24 ಸಲ ನಾನೇ ಕೊಡ್ತೀನಿ ಅಂತ ನೀವೇ ಒಪ್ಪಿದ ಹಾಗಾಯ್ತು. ಇದು ಫೋರ್ಟ್‌ನೈಟ್ಲಿ!

ಮೇಷ್ಟ್ರು: (ನಕ್ಕು) ಕನ್ನಡದಲ್ಲಿ ಸಿಕ್ಕಿಹಾಕಿಕೊಂಡ್ವಿ. ಇಂಗ್ಲಿಷಿನವರು ಜಾಣರು, ‘ವನ್ಸ್ ಇನ್ ಎ ಬ್ಲೂ ಮೂನ್’ ಅಂತಾರೆ. ಈಗಿನ ಲೆಕ್ಕದಲ್ಲಿ ಒಂದೇ ತಿಂಗಳೊಳಗೆ ಬೀಳೋ ಎರಡನೇ ಹುಣ್ಣಿಮೆ. ಹತ್ತೊಂಬತ್ತು ವರ್ಷಕ್ಕೆ 228 ತಿಂಗಳು, ಹುಣ್ಣಿಮೆ 235. ಆ ಏಳು ಹೆಚ್ಚುವರಿ ಎಲ್ಲಿಗೆ ಹೋಗಬೇಕು? ಅವರಲ್ಲಿ ಬ್ಲೂ ಮೂನ್ ಆಗುತ್ತೆ, ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಆಗುತ್ತೆ. 2026ನ್ನೇ ತಗೊಳ್ಳಿ, ಮೇ 1ಕ್ಕೊಂದು ಹುಣ್ಣಿಮೆ, 31ಕ್ಕೊಂದು. ಆ ಎರಡನೇ ಹುಣ್ಣಿಮೆ ಬೀಳೋದು ಅಧಿಕ ಜ್ಯೇಷ್ಠದಲ್ಲಿ. ಸುಮಾರು ಎರಡೂಮುಕ್ಕಾಲು ವರ್ಷಕ್ಕೊಂದು.

ಗುರಣ್ಣ: ಅಂದ್ರೆ ಪುಟ್ಟರಾಜು ಕೊಡೋದು ಅಧಿಕಮಾಸಕ್ಕೊಂದ್ಸಲ. ಈಗ ಲೆಕ್ಕ ಸರಿಹೋಯ್ತು.

(ಹುಡುಗ ಬಿಲ್ ತಂದಿಟ್ಟ. ಪುಟ್ಟರಾಜು ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದ. ಕೈ ಅಲ್ಲೇ ಉಳಿಯಿತು.)

ಪುಟ್ಟರಾಜು: ಇವತ್ತು ಯಾವ ತಿಥಿ ಮೇಷ್ಟ್ರೇ?

ಮೇಷ್ಟ್ರು: ಚೌತಿ.

ಪುಟ್ಟರಾಜು: ಹಂಗಾದ್ರೆ ಇವತ್ತು ನೀವೇ ಕೊಡಿ.