ಮಕ್ಕಳ ದಿನಾಚರಣೆಗೆ ಕ್ಲಾಸಿಗೆ ಏನು ಮಾಡಿ ಕಳಿಸಲಿ? 38 ಮಕ್ಕಳು, ಕಡ್ಲೆಕಾಯಿ ಹಾಕೋ ಹಾಗಿಲ್ಲ

ಒಂದನೇ ಕ್ಲಾಸಿನ ಅಮ್ಮ:
ನಮಸ್ಕಾರ. ನವೆಂಬರ್ 14ಕ್ಕೆ ಮಗನ ಕ್ಲಾಸಲ್ಲಿ ಮಕ್ಕಳ ದಿನಾಚರಣೆ. ಆರು ಜನ ಅಮ್ಮಂದಿರು ತಿಂಡಿ ಕಳಿಸಬೇಕು, ಅದರಲ್ಲಿ ನಾನೂ ಸಿಕ್ಕಿಬಿದ್ದಿದ್ದೇನೆ (ವಾಟ್ಸಾಪ್ ಗ್ರೂಪಲ್ಲಿ ಸುಮ್ನೆ ಹೆಬ್ಬೆಟ್ಟು ಒತ್ತಿದ್ದೇ ತಪ್ಪಾಯಿತು). 38 ಮಕ್ಕಳು, ಇಬ್ಬರು ಮಿಸ್ಸು, ಒಟ್ಟು 40. ಚಾಕಲೇಟು, ಚಿಪ್ಸು, ಬೇಕರಿ ಕೇಕು ಬೇಡ, ಮನೇಲಿ ಮಾಡಿದ್ದೇ ಇರಲಿ ಅಂತ ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ಒಂದು ಹುಡುಗಿಗೆ ಕಡ್ಲೆಕಾಯಿ ಅಲರ್ಜಿ. ಮೊಟ್ಟೆ ತಿನ್ನದ ಮಕ್ಕಳೂ ಇದ್ದಾರೆ.

ನಾನು ಆಫೀಸಿಂದ ಮನೆ ಸೇರೋದೇ ಏಳೂವರೆ. ಓವನ್ ಇಲ್ಲ. ಹೋದ ವರ್ಷ ಯುಕೆಜಿಯಲ್ಲಿ ಕೇಸರಿಬಾತ್ ಕಳಿಸಿದ್ದೆ, ಹನ್ನೊಂದು ಗಂಟೆ ಹೊತ್ತಿಗೆ ಅದು ಗಟ್ಟಿಯಾಗಿ, ಚಮಚ ಕಳಿಸೋದು ಮರೆತು, ಮಕ್ಕಳೆಲ್ಲ ಕೈಯಲ್ಲಿ ತಿಂದು ಯೂನಿಫಾರ್ಮಿಗೆ ತುಪ್ಪ ಒರೆಸಿಕೊಂಡು ಮನೆಗೆ ಬಂದವು. ಹಾಗಾಗದಂಥದ್ದು, ಹಿಂದಿನ ರಾತ್ರಿ ಮಾಡಿಡುವಂಥದ್ದು ಏನಾದರೂ ಹೇಳಿ.

ಮೈಸೂರು ಅಜ್ಜಿ:
ರವೆ ಉಂಡೆ ಮಾಡಮ್ಮ, ಪಾಕದ ತಂಟೆ ಇಲ್ಲ. ಚಿರೋಟಿ ರವೆ 3 ಲೋಟ, ಸಕ್ಕರೆ ಎರಡೂಕಾಲು ಲೋಟ, ತುರಿದ ಒಣಕೊಬ್ಬರಿ 1 ಲೋಟ, ತುಪ್ಪ ಅರ್ಧ ಲೋಟ, ಐದಾರು ಏಲಕ್ಕಿ. ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದರೆ ನಲವತ್ತು ದಾಟುತ್ತೆ. ರವೆಯನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲೇ ಹುರಿ. ಘಮ್ ಅಂತ ಬರಬೇಕು, ಕೆಂಪಾಗಬಾರದು. ಅವಸರ ಮಾಡಿದರೆ ಮೇಲೆ ಕೆಂಪು, ಒಳಗೆ ಹಸಿ, ಬಾಯಲ್ಲಿ ಮರಳು ಮರಳು. ಕೊಬ್ಬರಿ ಕೊನೆಗೆ ಹಾಕಿ ಎರಡು ಸುತ್ತು ಹುರಿದರೆ ಸಾಕು. ಸಕ್ಕರೆ, ಏಲಕ್ಕಿ ಪುಡಿ ಮಾಡಿ ಬೆರೆಸಿ, ಬಿಸಿ ಹಾಲನ್ನು ಚಮಚ ಚಮಚವಾಗಿ ಚಿಮುಕಿಸು. ಮುಷ್ಟಿಯಲ್ಲಿ ಹಿಡಿದರೆ ನಿಲ್ಲಬೇಕು, ಅಷ್ಟೇ. ಹಾಲು ಜಾಸ್ತಿಯಾದರೆ ಮಾರನೇ ದಿನಕ್ಕೆ ಕಲ್ಲು. ಗೋಡಂಬಿ ಬೇಡ, ದ್ರಾಕ್ಷಿ ಸಾಕು. ಹಾಲು ಹಾಕಿರೋದರಿಂದ ಎರಡು ದಿನದೊಳಗೆ ಖಾಲಿಯಾಗಲಿ.

ಹುಬ್ಬಳ್ಳಿ ಅಪ್ಪ:
ಅಜ್ಜಿಯವರ ಉಂಡೆಗೆ ನನ್ನ ತಕರಾರಿಲ್ಲ, ಆದರೆ ಅಕ್ಕಾ, ಆರು ಮನೆಯಲ್ಲಿ ಐದು ಮನೆಯವರು ಸಿಹಿ ಕಳಿಸುತ್ತಾರೆ, ಬರೆದಿಟ್ಟುಕೊಳ್ಳಿ. ಮೂರನೇ ಸಿಹಿ ಬರುವಷ್ಟರಲ್ಲಿ ಹುಡುಗರು ಮುಖ ತಿರುಗಿಸುತ್ತಾರೆ. ಖಾರದ್ದು ಕಳಿಸಿ. ಖಾರ ಅಂದರೆ ಹೆಸರಿಗೆ ಮಾತ್ರ.

ನಮ್ಮ ಕಡೆ ಚುರಮುರಿ, ನಿಮ್ಮ ಕಡೆ ಪುರಿ. 40 ಮಂದಿಗೆ ಅರ್ಧ ಕಿಲೋ ಸಾಕು, ಅಷ್ಟಕ್ಕೇ ಚೀಲ ತುಂಬುತ್ತದೆ. ಮೊದಲು ಬರೀ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಆಮೇಲೆ ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಅರಿಶಿನ. ಶೇಂಗಾ ಬದಲು ಪುಟಾಣಿ, ಅಂದರೆ ನಿಮ್ಮ ಕಡೆಯ ಹುರಿಗಡಲೆ. ಕರಿಬೇವು ಗರಿಗರಿ ಆಗುವತನಕ ಬಿಡಿ, ಇಲ್ಲದಿದ್ದರೆ ಅದರ ಪಸೆಗೆ ಬೆಳಗ್ಗೆ ಹೊತ್ತಿಗೆ ಇಡೀ ಡಬ್ಬಿ ಮೆತ್ತಗಾಗಿರುತ್ತದೆ. ಗ್ಯಾಸ್ ಆರಿಸಿ, ಉಪ್ಪು, ಒಂದು ಚಮಚ ಸಕ್ಕರೆ ಪುಡಿ ಹಾಕಿ, ಚುರಮುರಿ ಸುರಿದು ಕೈಯಾಡಿಸಿ. ಪೂರ್ತಿ ಆರಿದ ಮೇಲೇ ಮುಚ್ಚಳ. ಈರುಳ್ಳಿ, ಟೊಮೆಟೊ ಹಾಕಿ ಗಿರ್ಮಿಟ್ ಮಾಡೋ ಆಸೆ ಬೇಡ, ಅದು ಅಲ್ಲೇ ಕಲಸಿ ಅಲ್ಲೇ ತಿನ್ನೋದು. ಪೇಪರ್ ಪೊಟ್ಟಣ ಮಾಡಿ ಕೊಟ್ಟರೆ ಜಾತ್ರೆ ಅಂತ ಖುಷಿಪಡುತ್ತಾರೆ.

ನಿವೃತ್ತ ಮಿಸ್:
ಹನ್ನೆರಡು ವರ್ಷ ಸಣ್ಣ ಮಕ್ಕಳ ಕ್ಲಾಸಲ್ಲಿ ಇಂಥ ಪಾರ್ಟಿ ನೋಡಿದ್ದೇನೆ, ಒಂದೆರಡು ಮಾತು. ಒಂದನೇ ಕ್ಲಾಸಲ್ಲಿ ಅರ್ಧ ಮಕ್ಕಳಿಗೆ ಮುಂದಿನ ಹಲ್ಲು ಇರೋದಿಲ್ಲ! ಪುರಿ ಉಂಡೆ, ಚಕ್ಕುಲಿ, ನಿಪ್ಪಟ್ಟು ಕೊಟ್ಟರೆ ಪಾಪ, ದವಡೆಗೆ ಸಿಗಿಸಿಕೊಂಡು ಒದ್ದಾಡುತ್ತವೆ. ರವೆ ಉಂಡೆ ಆಗಬಹುದು, ಆದರೆ ಇನ್ನೂ ಚಿಕ್ಕದು ಕಟ್ಟಿ. ದೊಡ್ಡದು ಕೊಟ್ಟರೆ ಒಂದು ಸಲ ಕಚ್ಚಿ ಬೆಂಚಿನ ಕೆಳಗೆ ಇಟ್ಟುಬಿಡುತ್ತಾರೆ, ಗುಡಿಸುವ ಅಕ್ಕನಿಗೆ ಗೊತ್ತು ಆ ಕಷ್ಟ. ಪೊಟ್ಟಣಕ್ಕೆ ನ್ಯೂಸ್ ಪೇಪರ್ ಬೇಡ, ಶಾಯಿ ತಿಂಡಿಗೆ ಹತ್ತುತ್ತೆ. ಬಿಳಿ ಹಾಳೆ ತಗೊಳ್ಳಿ.

ಅಲರ್ಜಿ ವಿಷಯ ಹಗುರವಾಗಿ ತಗೋಬೇಡಿ. ಬೀಜ ಹಾಕಲಿಲ್ಲ ಅಂದರೆ ಮುಗಿಯಲಿಲ್ಲ. ಒಗ್ಗರಣೆಗೆ ಕಡ್ಲೆಕಾಯಿ ಎಣ್ಣೆ ಬಿದ್ದಿರುತ್ತೆ, ಸಕ್ಕರೆ ಪುಡಿ ಮಾಡಿದ ಮಿಕ್ಸಿ ಜಾರಲ್ಲಿ ನಿನ್ನೆ ಚಟ್ನಿಪುಡಿ ಮಾಡಿರುತ್ತೀರಿ. ಹುರಿಗಡಲೆಯನ್ನು ಬಿಡಿಯಾಗಿ ತಂದರೆ ಅಂಗಡಿಯವನು ಕಡ್ಲೆಬೀಜ ತೆಗೆದ ಕೈಯಲ್ಲೇ ಅದನ್ನೂ ತೆಗೆದಿರುತ್ತಾನೆ. ಸೂರ್ಯಕಾಂತಿ ಎಣ್ಣೆ, ತೊಳೆದ ಜಾರು, ಪ್ಯಾಕೆಟ್ ಹುರಿಗಡಲೆ, ಅದರ ಮೇಲೆ ಏನು ಬರೆದಿದೆ ಅಂತ ಓದಿ. ಏನೇನು ಹಾಕಿದ್ದೀರಿ ಅಂತ ಚೀಟಿ ಬರೆದು ಡಬ್ಬಿಗೆ ಅಂಟಿಸಿ. ಆ ಮಗುವಿನ ಅಮ್ಮನಿಗೂ ಮೊದಲೇ ಒಂದು ಫೋನ್ ಮಾಡಿ, ಅವರು ಹೂಂ ಅಂದರೆ ಮಾತ್ರ ಅವಳಿಗೆ ಕೊಡಲಿ.

ಪುತ್ತೂರಿನವಳು:
ಯಾರೂ ಕೊಬ್ಬರಿ ಮಿಠಾಯಿ ಹೇಳಲೇ ಇಲ್ಲವಲ್ಲ! ಮೆತ್ತಗಿರುತ್ತೆ, ಹಲ್ಲಿಲ್ಲದವರಿಗೂ ನಡೆಯುತ್ತೆ. ಹಸಿ ತೆಂಗಿನತುರಿ 4 ಲೋಟ, ಸಕ್ಕರೆ 3 ಲೋಟ, ತಳ ಬಿಡುವ ತನಕ ಮಗುಚೋದು, ತುಪ್ಪ ಸವರಿದ ತಟ್ಟೆಗೆ ಸುರಿದು ಬಿಸಿ ಇರುವಾಗಲೇ ಗೆರೆ ಹಾಕೋದು. ಬೀಟ್ರೂಟ್ ರಸ ಎರಡು ಚಮಚ ಹಾಕಿದರೆ ಗುಲಾಬಿ ಬಣ್ಣ. ತುರಿಯುವಾಗ ಕಂದು ಸಿಪ್ಪೆ ಬರದ ಹಾಗೆ ನೋಡಿಕೊಳ್ಳಿ.

ಒಂದನೇ ಕ್ಲಾಸಿನ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್, ಇವತ್ತು ಮುಗೀತು. ಚುರುಮುರಿಯನ್ನೇ ಮಾಡಿದೆ. ಭಾನುವಾರ ಒಂದು ಸಲ ಮಾಡಿ ನೋಡಿದಾಗ ಕರಿಬೇವು ಅವಸರದಲ್ಲಿ ಹಸಿ ಉಳಿದು, ಅಪ್ಪ ಅವರು ಹೇಳಿದ ಹಾಗೆ ಸೋಮವಾರ ಬೆಳಗ್ಗೆ ಮೆತ್ತಗೆ ಚರ್ಮದ ಹಾಗಾಗಿತ್ತು. ಎರಡನೇ ಸಲ ಸರಿಬಂತು. ಜೊತೆಗೆ ಆಸೆಗೆ 40 ಗೋಲಿ ಗಾತ್ರದ ರವೆ ಉಂಡೆ, ರಾತ್ರಿ ಹನ್ನೊಂದೂವರೆಗೆ ಗಂಡನೂ ಕೂತು ಕಟ್ಟಿದರು, ಅವರದೆಲ್ಲ ಮೊಟ್ಟೆ ಆಕಾರ.

ಆ ಹುಡುಗಿಯ ಅಮ್ಮನಿಗೆ ಫೋನ್ ಮಾಡಿದ್ದೆ. ಎಣ್ಣೆ ಪ್ಯಾಕೆಟ್ಟು, ಹುರಿಗಡಲೆ ಪ್ಯಾಕೆಟ್ಟು ಎರಡರ ಫೋಟೋ ಕೇಳಿದರು, ಕಳಿಸಿದೆ, ಆಗಲಿ ಅಂದರು. ಮೊದಲ ಸಲ ಎಲ್ಲರ ಜೊತೆ ಒಂದೇ ಡಬ್ಬಿಯಿಂದ ತಿಂದಳಂತೆ. ಅಪ್ಪ ಅವರೇ, ಸಿಹಿ ಐದಲ್ಲ, ನಾಲ್ಕು ಬಂದಿತ್ತು. ಡಬ್ಬಿಯಲ್ಲಿ ವಾಪಸ್ ಬಂದಿದ್ದು ಎರಡು ಉಂಡೆ, ಒಂದರ ಮೇಲೆ ಪುಟ್ಟ ಹಲ್ಲಿನ ಗುರುತು.

ಈಗ ಮಿಸ್ಸು ಜನವರಿಗೆ ಎಳ್ಳು ಬೀರೋಕೂ ನೀವೇ ಅಂತ ಹೆಸರು ಬರೆದುಕೊಂಡಿದ್ದಾರೆ. ಎಳ್ಳುಬೆಲ್ಲಕ್ಕೆ ಕಡ್ಲೆಬೀಜದ ಬದಲು ಏನು ಹಾಕಲಿ, ಹೇಳಿ?